ಶಿಲ್ಪ, ಚಿತ್ರಗಳಲ್ಲಿ ಹೆಂಗಸರ ಉಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಡಿಗಳ ಶಿಲ್ಪ, ಗೋಡೆಚಿತ್ರ, ಅರಮನೆಯ ಪಟಗಳನ್ನು ನೋಡಿ ಬಂದವರು, ನಾಟಕಕ್ಕೆ ಉಡುಪು ಹೊಂದಿಸುವವರು, ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆ ಸೀರೆ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸರಳವಾದವು ಮೊದಲು, ತೊಡಕಿನವು ಆಮೇಲೆ.

## ಶುರುವಿನ ಪ್ರಶ್ನೆಗಳು

ಸೀರೆ ಎಷ್ಟು ಹಳೇದು? ಮೊಹೆಂಜೊದಾರೊ ಕಾಲದಲ್ಲೂ ಉಡುತ್ತಿದ್ದರಾ?

ಹತ್ತಿ ಬಟ್ಟೆ ಖಂಡಿತ ಇತ್ತು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡೇ ಉಳಿದ ಹತ್ತಿ ಬಟ್ಟೆಯ ಚೂರು ಸಿಕ್ಕಿದೆ, ಅದಕ್ಕೆ ಮಂಜಿಷ್ಠದ ಕೆಂಪು ಬಣ್ಣ ಹಾಕಲಾಗಿತ್ತು. ಆದರೆ ಅಲ್ಲಿನ ಮಣ್ಣಿನ ಸ್ತ್ರೀಮೂರ್ತಿಗಳು ತೊಟ್ಟಿರುವುದು ತೊಡೆಯವರೆಗಿನ ತುಂಡು ಬಟ್ಟೆ ಮತ್ತು ನಡುಪಟ್ಟಿ. ಸುಮಾರು 10.5 ಸೆಂಟಿಮೀಟರ್ ಎತ್ತರದ, ‘ನರ್ತಕಿ’ ಎಂದು ಹೆಸರಾದ ಕಂಚಿನ ಮೂರ್ತಿಯ ಮೈಮೇಲೆ ಬಟ್ಟೆಯೇ ಇಲ್ಲ, ಎಡಗೈ ತುಂಬ ಬಳೆಗಳಿವೆ. ನಡುವಿಗೆ ಸುತ್ತಿ ಅದೇ ಬಟ್ಟೆಯನ್ನು ಹೆಗಲಿಗೆ ಏರಿಸುವ ಉಡುಗೆ ಅಲ್ಲಿ ಕಾಣಿಸುವುದಿಲ್ಲ.

ಕ್ರಿ.ಪೂ. 2ನೇ ಶತಮಾನದ ಭಾರ್ಹುತ್, ಆಮೇಲಿನ ಸಾಂಚಿ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿ, ಎಲ್ಲೆಡೆ ಕಾಣುವುದು ಬೇರೆ ಬೇರೆ ತುಂಡುಗಳು: ನಡುವಿಗೆ ಅಂತರೀಯ, ಮೇಲೆ ಹೊದೆಯಲು ಉತ್ತರೀಯ, ಇವೆರಡರ ಜೊತೆಗೆ ನಡುವನ್ನು ಬಿಗಿಯುವ ಕಾಯಬಂಧ. ಗಂಡಸರಿಗೂ ಹೆಂಗಸರಿಗೂ ಇದೇ ಕ್ರಮ, ಉಡುವ ರೀತಿ ಮಾತ್ರ ಬೇರೆ. ಅಂತರೀಯವೂ ಉತ್ತರೀಯವೂ ಸೇರಿ ಒಂದೇ ಉದ್ದನೆಯ ಬಟ್ಟೆಯಾಗಿದ್ದು ನಿಧಾನವಾಗಿ, ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಕಾಲಕ್ಕೆ. ‘ಐದು ಸಾವಿರ ವರ್ಷದ ಸೀರೆ’ ಎನ್ನುವುದು ಅಂಗಡಿಯ ಮಾತು.

ಹಳೆ ಶಿಲ್ಪಗಳಲ್ಲಿ ಹೆಂಗಸರ ಎದೆ ಮೇಲೆ ಬಟ್ಟೇನೇ ಇರಲ್ಲ. ನಿಜವಾಗಲೂ ಹಾಗೇ ಇರ್ತಿದ್ರಾ?

ಎಷ್ಟೋ ಕಡೆ ಹಾಗೆಯೇ ಇದ್ದರು. ಸೆಕೆಯ ನಾಡಿನಲ್ಲಿ ಸೊಂಟದ ಮೇಲೆ ಬಟ್ಟೆ ಇಲ್ಲದಿರುವುದು ನಾಚಿಕೆಯ ವಿಷಯವಾಗಿರಲಿಲ್ಲ. ಕೇರಳದಲ್ಲಿ, ಕರಾವಳಿಯಲ್ಲಿ ಇದು 19ನೇ ಶತಮಾನದವರೆಗೂ ನಡೆದುಬಂತು. ಆದರೆ ಶಿಲ್ಪವನ್ನೇ ಸಾಕ್ಷಿಯಾಗಿ ಹಿಡಿದರೆ ಎರಡು ತೊಡಕುಗಳಿವೆ. ಒಂದು, ತೆಳು ಬಟ್ಟೆಯನ್ನು ಶಿಲ್ಪಿ ಬರೀ ಅಂಚಿನ ಗೆರೆಯಿಂದ ತೋರಿಸುತ್ತಾನೆ. ಗೆರೆ ಸವೆದುಹೋದರೆ ಬಟ್ಟೆಯೂ ಹೋಯಿತು. ಇನ್ನೊಂದು, ಹಲವು ಶಿಲ್ಪಗಳ ಮೇಲೆ ಒಂದು ಕಾಲಕ್ಕೆ ಗಾರೆಯ ಲೇಪವೂ ಬಣ್ಣವೂ ಇತ್ತು. ಬಣ್ಣದಲ್ಲಿ ಬರೆದಿದ್ದ ಕುಪ್ಪಸ ಈಗ ನಮಗೆ ಕಾಣುವುದಿಲ್ಲ.

ಯಕ್ಷಿ, ಅಪ್ಸರೆ, ದೇವಿಯರ ರೂಪವನ್ನು ಸಂಪ್ರದಾಯ ಮೊದಲೇ ಗೊತ್ತುಮಾಡಿರುತ್ತದೆ. ಅದೇ ಗುಡಿಯ ಅಡಿಪಟ್ಟಿಕೆಯಲ್ಲಿರುವ ಸಂತೆ, ಬೇಟೆ, ಕುಣಿತದ ಸಣ್ಣ ಸಣ್ಣ ಹೆಂಗಸರನ್ನು ನೋಡಿ. ದಿನಬಳಕೆಯ ಉಡುಗೆಯ ಸುಳಿವು ಸಿಗುವುದು ಅಲ್ಲಿ.

ಹೊಲಿದ ಬಟ್ಟೆ ಮುಸ್ಲಿಮರು ಬಂದ ಮೇಲೆ ಬಂತು ಅಂತಾರೆ, ಹೌದಾ?

ಅಲ್ಲ. 5ನೇ ಶತಮಾನದ ಅಜಂತಾದ 1ನೇ ಗುಹೆಯಲ್ಲಿ ಮಹಾಜನಕ ಜಾತಕದ ಕಥೆಯಲ್ಲಿ ಕುಣಿಯುತ್ತಿರುವ ಹೆಣ್ಣು ಉದ್ದ ತೋಳಿನ ಹೊಲಿದ ಅಂಗಿ ತೊಟ್ಟಿದ್ದಾಳೆ. ಅದಕ್ಕೂ ಮೊದಲೇ ಗಾಂಧಾರ ಶಿಲ್ಪಗಳಲ್ಲಿ ಹೊಲಿದ ನಿಲುವಂಗಿಗಳು ಧಾರಾಳವಾಗಿವೆ. ಕಂಚುಕ, ಕೂರ್ಪಾಸಕ ಮುಂತಾದ ಉಡುಪುಗಳು ಸಂಸ್ಕೃತದ ನಿಘಂಟು, ಕಾವ್ಯಗಳಲ್ಲಿ ಸಿಗುತ್ತವೆ. ಸುಲ್ತಾನರ, ಮೊಗಲರ ಕಾಲದಲ್ಲಿ ಬದಲಾಗಿದ್ದು ಹೊಲಿಗೆಯ ಪ್ರಮಾಣ ಮತ್ತು ಮರ್ಯಾದೆ. ಅಲ್ಲಿಯವರೆಗೆ ಕುಣಿಯುವವರು, ಸೇವಕಿಯರು, ಚಳಿನಾಡಿನವರು ಹೆಚ್ಚಾಗಿ ತೊಡುತ್ತಿದ್ದುದು ಆಮೇಲೆ ಆಸ್ಥಾನದ ಉಡುಪಾಯಿತು.

ಈಗ ಎಲ್ಲರೂ ಉಡೋ ಸೀರೆ ಶೈಲಿ, ಅಂದರೆ ಮುಂದೆ ನೆರಿಗೆ, ಎಡ ಹೆಗಲಿಗೆ ಸೆರಗು, ಇದು ಎಲ್ಲಿಂದ ಬಂತು?

ಎಡ ಹೆಗಲ ಸೆರಗು ದಕ್ಷಿಣಕ್ಕೆ ಹೊಸದಲ್ಲ. ಹೊಸದಾಗಿದ್ದು ಲಂಗ, ಜಾಕೀಟು, ಸೀರೆ ಈ ಮೂರೂ ಸೇರಿದ ಜೋಡಣೆ ಮತ್ತು ಅದು ದೇಶಕ್ಕೆಲ್ಲ ಒಂದೇ ಆಗಿದ್ದು. 1864ರಲ್ಲಿ ಗಂಡ ಸತ್ಯೇಂದ್ರನಾಥ ಟಾಗೋರರೊಂದಿಗೆ ಬೊಂಬಾಯಿಗೆ ಬಂದ ಜ್ಞಾನದಾನಂದಿನಿ ದೇವಿ ಪಾರ್ಸಿ ಹೆಂಗಸರ ಉಡುಗೆಯನ್ನು ಕಂಡು, ಅದನ್ನು ಬಂಗಾಳಕ್ಕೆ ಒಗ್ಗಿಸಿದರು. ಒಳಗೆ ಲಂಗ, ಮೇಲೆ ಜಾಕೀಟು, ಎಡ ಹೆಗಲಿಗೆ ಸೆರಗು. ಬ್ರಾಹ್ಮ ಸಮಾಜದ ಮನೆಗಳಲ್ಲಿ ಶುರುವಾದ ಇದು ಓದಿದ ಹೆಣ್ಣುಮಕ್ಕಳ ಗುರುತಾಯಿತು. 1894ರಲ್ಲಿ ರಾಜಾ ರವಿವರ್ಮ ಬೊಂಬಾಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ರವಿಕೆ ತೊಟ್ಟು ಸೀರೆ ಉಟ್ಟು ಮನೆಮನೆಯ ಗೋಡೆಗೆ ಬಂದರು. ಇವತ್ತಿಗೂ ಪೌರಾಣಿಕ ಧಾರಾವಾಹಿಯ ದೇವಿಯರು ಉಡುತ್ತಿರುವುದು ಆ ಪಟಗಳ ಸೀರೆಯನ್ನೇ.

ಲಂಗದ ಲಾಡಿ ನೆರಿಗೆಯ ಭಾರ ಹೊರುತ್ತದೆ. ಅದಿಲ್ಲದಿದ್ದರೆ ಸೀರೆಗೆ ಗಂಟೋ ಕಚ್ಚೆಯೋ ಬೇಕು. ಆರು ಗಜದ ಸೀರೆ ಸಾಕಾಗಿದ್ದು ಈ ಲಾಡಿಯಿಂದ.

## ಗುಡಿ, ಗುಹೆ, ಅರಮನೆಗಳಲ್ಲಿ ನೋಡುವಾಗ

ಬೇಲೂರಲ್ಲಿ ನಿಂತು ನೋಡಿದರೆ ಬರೀ ಒಡವೆ ಕಾಣುತ್ತೆ. ಬಟ್ಟೆ ಎಲ್ಲಿದೆ ಅಂತ ಗುರುತಿಸೋದು ಹೇಗೆ?

ಮುಖದಿಂದ ಶುರುಮಾಡಬೇಡಿ, ಕಣಕಾಲಿನಿಂದ ಶುರುಮಾಡಿ. ಕಾಲಂದುಗೆಯ ಮೇಲೆ ಅಡ್ಡಲಾಗಿ ಸಣ್ಣ ಉಬ್ಬುಗೆರೆ ಇದ್ದರೆ ಅದು ಬಟ್ಟೆಯ ಅಂಚು. ಎರಡೂ ಕಾಲಲ್ಲಿ ಬೇರೆ ಬೇರೆ ಗೆರೆ ಇದ್ದರೆ ಕಚ್ಚೆ ಹಾಕಿದೆ ಎಂದು ತಿಳಿಯಬಹುದು, ಎರಡು ಕಾಲನ್ನೂ ಒಂದೇ ಗೆರೆ ಬಳಸಿದ್ದರೆ ಸುಮ್ಮನೆ ಸುತ್ತಿದ್ದು. ಆಮೇಲೆ ತೊಡೆಗಳ ನಡುವೆ ನೋಡಿ. ಅಲ್ಲಿ ಬೀಸಣಿಗೆಯ ಹಾಗೆ ಇಳಿದಿರುವುದು ನೆರಿಗೆ. ಅದರ ತುದಿ ಅಂಕುಡೊಂಕಾಗಿ ಮಡಿಚಿರುತ್ತದೆ, ಮಣಿಸರವಾದರೆ ತುದಿಯಲ್ಲಿ ಗೊಂಡೆ ಇರುತ್ತದೆ. ಸೊಂಟದ ಮೇಖಲೆ ಬರೀ ಒಡವೆಯಲ್ಲ, ಬಟ್ಟೆಯನ್ನು ಹಿಡಿದಿಡುವುದೂ ಅದರ ಕೆಲಸ. ಅದರಡಿಯಲ್ಲಿ ಬಟ್ಟೆ ಸ್ವಲ್ಪ ಉಬ್ಬಿರುವುದನ್ನು ಒಳ್ಳೆಯ ಶಿಲ್ಪಿಗಳು ಮರೆಯದೆ ತೋರಿಸುತ್ತಾರೆ.

ಕುಪ್ಪಸ ಇದೆಯೋ ಇಲ್ಲವೋ ತಿಳಿಯಲು ತೋಳಿನ ಒಳಬದಿ ನೋಡಬೇಕು. ತೋಳುಬಂದಿಗೆ ದಪ್ಪವಿರುತ್ತದೆ, ನಡುವೆ ಹೂವೋ ಕೀರ್ತಿಮುಖವೋ ಇರುತ್ತದೆ. ಬಟ್ಟೆಯ ತೋಳಿನ ಅಂಚು ಬರೀ ಗೆರೆ, ಕಂಕುಳಲ್ಲಿ ಮುಂದುವರಿಯುತ್ತದೆ. ಜನ ತಪ್ಪುವುದು ಇಲ್ಲೇ ಹೆಚ್ಚು: ತೋಳುಬಂದಿಯನ್ನು ತೋಳಿನ ಅಂಚೆಂದು, ಕಂಠೀಹಾರವನ್ನು ಕುಪ್ಪಸದ ಕೊರಳೆಂದು ಓದುತ್ತಾರೆ.

ನಡುಮಧ್ಯಾಹ್ನದ ಬೆಳಕಿನಲ್ಲಿ ಈ ಗೆರೆಗಳು ಅಳಿಸಿದಂತಿರುತ್ತವೆ. ಬೆಳಿಗ್ಗೆ ಅಥವಾ ಸಂಜೆ ಓರೆಬೆಳಕಿನಲ್ಲಿ ನೋಡಿ. ಮದನಿಕೆಯರಲ್ಲಿ, ಅಂದರೆ ಕಂಬದ ಮೇಲೆ ಓರೆಯಾಗಿ ಆನಿಸಿದ ಸುಂದರಿಯರ ಶಿಲ್ಪಗಳಲ್ಲಿ, ನಾಲ್ವರು ಒಳಮಂಟಪವಾದ ನವರಂಗದಲ್ಲಿದ್ದಾರೆ, ಉಳಿದವರು ಹೊರಗೆ ಸೂರಿನಡಿ ಎತ್ತರದಲ್ಲಿರುವುದರಿಂದ ದುರ್ಬೀನು ಒಯ್ಯುವುದು ಒಳ್ಳೆಯದು. ಕೋತಿ ಬಟ್ಟೆ ಎಳೆಯುತ್ತಿರುವ ಮದನಿಕೆಯನ್ನು ಬಿಡಲೇಬಾರದು. ಬಟ್ಟೆ ಮೈಯಿಂದ ಬೇರೆಯಾಗಿರುವುದರಿಂದ ಅದು ಎಷ್ಟು ಸಡಿಲ, ಎಷ್ಟು ತೆಳು ಎನ್ನುವುದು ಕಾಣುವ ಅಪರೂಪದ ಶಿಲ್ಪ ಅದು.

ಒಡವೆಯನ್ನು ಅಷ್ಟು ಕೊರೆದವರು ಬಟ್ಟೆಯನ್ನು ಯಾಕೆ ಹಾಗೇ ಬಿಟ್ಟರು?

ಬೇಲೂರಿನ (1117) ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಮಣಿಯ ತೂತನ್ನೂ ಕೊರೆಯಬಹುದು. ಬಟ್ಟೆಯನ್ನೂ ಅಷ್ಟೇ ವಿವರವಾಗಿ ಕೊರೆದರೆ ಮೈಯ ಬಾಗು ಮುಚ್ಚಿಹೋಗುತ್ತದೆ. ಶಿಲ್ಪಿಗೆ ಬೇಕಾಗಿದ್ದು ಆ ಬಾಗು. ಬಾದಾಮಿಯ ಮರಳುಗಲ್ಲಿನಲ್ಲಿ (3ನೇ ಗುಹೆ, 578) ಇಷ್ಟು ಸಣ್ಣ ಕೆಲಸ ಆಗದು, ಆದ್ದರಿಂದ ಅಲ್ಲಿ ಒಡವೆ ಕಡಿಮೆ, ಬಟ್ಟೆಯ ಇಳಿಬೀಳು ಚೆನ್ನಾಗಿ ಕಾಣುತ್ತದೆ. ಚಾಲುಕ್ಯರ ಹೆಂಗಸರು ಹೊಯ್ಸಳರ ಹೆಂಗಸರಿಗಿಂತ ಕಡಿಮೆ ಒಡವೆ ಹಾಕುತ್ತಿದ್ದರು ಎಂದು ಇದರಿಂದ ತೀರ್ಮಾನಿಸಲಾಗದು.

ಚೋಳರ ಕಂಚಿನ ಮೂರ್ತಿಗಳಲ್ಲಿ ವಿಷ್ಣುವಿನ ಪಕ್ಕ ಒಬ್ಬ ದೇವಿಗೆ ಎದೆಪಟ್ಟಿ ಇದೆ, ಇನ್ನೊಬ್ಬಳಿಗಿಲ್ಲ. ಯಾಕೆ?

ಎದೆಪಟ್ಟಿ, ಅಂದರೆ ಕುಚಬಂಧ, ಇರುವವಳು ಶ್ರೀದೇವಿ, ಇಲ್ಲದವಳು ಭೂದೇವಿ. ಇದು ಇಬ್ಬರನ್ನು ಬೇರೆಮಾಡಲು ಇಟ್ಟ ಗುರುತು. ಆ ಕಾಲದ ಅರ್ಧದಷ್ಟು ಹೆಂಗಸರು ಎದೆಪಟ್ಟಿ ಕಟ್ಟುತ್ತಿದ್ದರು ಎಂದೇನೂ ಅಲ್ಲ.

ಶಿಲ್ಪದಲ್ಲಿ ಸಿಗದ್ದು ಅಜಂತಾ, ಲೇಪಾಕ್ಷಿಯ ಚಿತ್ರಗಳಲ್ಲಿ ಏನು ಸಿಗುತ್ತೆ?

ಬಣ್ಣ ಮತ್ತು ನೇಯ್ಗೆ. ಅಜಂತಾದಲ್ಲಿ ಪಟ್ಟೆ ಪಟ್ಟೆಯ ಅಂತರೀಯಗಳು, ಹಂಸಗಳ ಸಾಲಿರುವ ಬಟ್ಟೆ, ನೂಲಿಗೇ ಬಣ್ಣ ಕಟ್ಟಿ ನೇಯ್ದಂತೆ ಅಂಚು ಕದಡಿದ ವಿನ್ಯಾಸಗಳು ಇವೆ. ಅಲ್ಲಿ ರಾಣಿಯ ಮೈಮೇಲೆ ಬಟ್ಟೆ ಕಡಿಮೆ, ಸೇವಕಿಯ ಮೈಮೇಲೆ ಹೆಚ್ಚು. ಇಂದಿನ ಲೆಕ್ಕಕ್ಕೆ ಇದು ಪೂರ್ತಿ ತಿರುವುಮುರುವು.

ಲೇಪಾಕ್ಷಿಯ ವೀರಭದ್ರ ಗುಡಿಯ ಮಾಳಿಗೆಚಿತ್ರಗಳು ವಿಜಯನಗರದ ಅಚ್ಯುತರಾಯನ (1529–1542) ಕಾಲದವು, ಕಟ್ಟಿಸಿದವನು ವಿರೂಪಣ್ಣ. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿಬರಬಹುದು. ಸೀರೆಯ ಚರಿತ್ರೆಗೆ ದಕ್ಷಿಣದಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲಿನ ಹೆಂಗಸರು ಮೈಗಂಟಿದ ಗಿಡ್ಡತೋಳಿನ ರವಿಕೆ ತೊಟ್ಟಿದ್ದಾರೆ. ಚೌಕಳಿ, ಪಟ್ಟೆ, ಹೂಬಳ್ಳಿಯ ಸೀರೆ ಉಟ್ಟಿದ್ದಾರೆ. ತುರುಬು ಒಂದು ಪಕ್ಕಕ್ಕಿದೆ. ಮೈಬಣ್ಣಕ್ಕೂ ರವಿಕೆಗೂ ನಡುವಿನ ಗೆರೆ ಸ್ಪಷ್ಟವಿರುವುದರಿಂದ ಕುಪ್ಪಸ ಇತ್ತೇ ಎಂಬ ಜಗಳವೇ ಏಳುವುದಿಲ್ಲ. ಒಂದು ಎಚ್ಚರ: ಚಿತ್ರಕಾರ ಬಳಸಿದ್ದು ಮುಖ್ಯವಾಗಿ ಮಣ್ಣಿನ ಬಣ್ಣಗಳು. ನೀಲಿ ಸೀರೆ ಅಲ್ಲಿ ಕಾಣದಿದ್ದರೆ ನೀಲಿ ಸೀರೆಯೇ ಇರಲಿಲ್ಲ ಎನ್ನಬೇಡಿ. ಗೋಡೆಗೆ ಹೊಂದುವ ಬಣ್ಣ ಬೇರೆ, ನೂಲಿಗೆ ಹೊಂದುವ ಬಣ್ಣ ಬೇರೆ.

ವಿಜಯನಗರದ ಹೆಂಗಸರು ಟೋಪಿ ಹಾಕುತ್ತಿದ್ದರಂತೆ?

ಅರಮನೆಯ ಕೆಲವರು. ಕೃಷ್ಣದೇವರಾಯನ ಕಾಲದಲ್ಲಿ ಮಹಾನವಮಿಯನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸ್, ರಾಣಿವಾಸದ ಹೆಂಗಸರು ಮುತ್ತಿನ ಹೂಗಳಿದ್ದ ಎತ್ತರದ ಟೋಪಿ ಹಾಕಿದ್ದನ್ನು ಬರೆದಿದ್ದಾನೆ. ಲೇಪಾಕ್ಷಿಯಲ್ಲಿ ಗಂಡಸರ ತಲೆಯಲ್ಲಿ ಕಾಣುವ ಕುಲ್ಲಾಯಿ ಎಂಬ ಟೋಪಿಯ ಜಾತಿಯದೇ ಇದೂ. ಪರ್ಷಿಯ, ಅರಬ್ ನಾಡುಗಳ ಜೊತೆ ಕುದುರೆ ವ್ಯಾಪಾರ ಬೆಳೆಸಿದ ಆಸ್ಥಾನಕ್ಕೆ ಅಲ್ಲಿನ ಉಡುಪೂ ಗತ್ತಿನದಾಗಿತ್ತು.

ಮೊಗಲ್ ಚಿತ್ರ ಮತ್ತು ಬಿಜಾಪುರದ ಚಿತ್ರ, ಉಡುಗೆ ನೋಡಿ ಬೇರೆಮಾಡಬಹುದಾ?

ಬಹುಮಟ್ಟಿಗೆ. ಮೊಗಲ್ ಆಸ್ಥಾನದ ಹೆಂಗಸು ಪಾಯಜಾಮದ ಮೇಲೆ ಎದೆಯಿಂದ ಅಗಲವಾಗುತ್ತ ಇಳಿಯುವ ತೆಳು ಮಸ್ಲಿನ್ನಿನ ಪೇಶ್ವಾಜ್ ತೊಟ್ಟಿರುತ್ತಾಳೆ, ತಲೆಮೇಲೆ ಓಢಣಿ. ದಖ್ಖನಿ ಚಿತ್ರಗಳಲ್ಲಿ ಸೀರೆ ಬಿಟ್ಟುಹೋಗಿಲ್ಲ. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಹಸ್ತಪ್ರತಿಯ ಸ್ತ್ರೀದೇವತೆಗಳು ಈ ನೆಲದ ರೀತಿಯಲ್ಲೇ ಸೀರೆ, ಚೋಳಿ ತೊಟ್ಟಿದ್ದಾರೆ. ಅದೇ ಆಸ್ಥಾನದ ಬೇರೆ ಚಿತ್ರಗಳಲ್ಲಿ ಪರ್ಷಿಯದ ನಿಲುವಂಗಿಯೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ ಊರು ಅದು.

ಮೈಸೂರಿನಲ್ಲಿ ನೋಡಲೇಬೇಕಾದದ್ದು ಯಾವುದು?

ಜಗನ್ಮೋಹನ ಅರಮನೆಯಲ್ಲಿರುವ, ರವಿವರ್ಮ 1889ರ ಸುಮಾರಿಗೆ ಬರೆದ ಗಾಯಕಿ-ವಾದಕಿಯರ ಗುಂಪುಚಿತ್ರ. ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಪ್ರಾಂತ್ಯದ, ಸಮುದಾಯದ ಉಡುಗೆ. ಸೀರೆಗಳ ಬಣ್ಣಕ್ಕೆ ಮರುಳಾಗದೆ ಸೆರಗು ಯಾವ ಹೆಗಲಿಗಿದೆ, ರವಿಕೆಯ ತೋಳು ಎಲ್ಲಿಗೆ ಮುಗಿಯುತ್ತದೆ, ತಲೆ ಮುಚ್ಚಿದವರು ಯಾರು ಎಂದು ಒಬ್ಬೊಬ್ಬರನ್ನೇ ನೋಡಿ. ಇಷ್ಟು ಬೇರೆ ಬೇರೆ ಹೆಂಗಸರು ಹೀಗೆ ಒಟ್ಟಿಗೆ ಕೂತು ಹಾಡುವ ಸಭೆ ಆಗ ಎಲ್ಲೂ ಇರಲಿಲ್ಲ. ಅದು ಚಿತ್ರಕಾರ ಕೂಡಿಸಿದ ಗುಂಪು.

1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರ ಈಗ ಮೈಸೂರಿನಲ್ಲಿಲ್ಲ, ಆದರೂ ಅದರ ಪ್ರತಿಯನ್ನಾದರೂ ನೋಡಬೇಕು. ಬಲಬದಿಯವಳ ಎಡತೋಳಿನ ಮೇಲೆ ಬರಬೇಕಾಗಿದ್ದ ಸೀರೆ ಸರಿದಿದೆ. ದೇವಿ ಹಾಕಿಸಿಕೊಂಡ, ಅಂದರೆ ಸಿಡುಬಿನ ಲಸಿಕೆ ಚುಚ್ಚಿದ ಜಾಗವನ್ನು ಅವಳು ತೋರಿಸುತ್ತಿದ್ದಾಳೆ ಎಂದು ಇತಿಹಾಸಕಾರರೊಬ್ಬರು ಅದನ್ನು ಓದಿದ್ದಾರೆ.

## ಪ್ರಾಂತ್ಯ, ಜಾತಿ, ನೇಯ್ಗೆ

ಹದಿನೆಂಟು ಮೊಳದ ಸೀರೆಯಲ್ಲಿ ಅಷ್ಟು ಬಟ್ಟೆ ಎಲ್ಲಿಗೆ ಹೋಗುತ್ತೆ?

ಹದಿನೆಂಟು ಮೊಳ ಎಂದರೆ 9 ಗಜ, ಸುಮಾರು 8.2 ಮೀಟರ್. ಲಂಗ ಇಲ್ಲ. ಸುಮಾರು 2 ಮೀಟರ್ ಸೆರಗಿಗೆ ಬೇಕು. ಸೊಂಟಕ್ಕೆ ಒಂದು ಸುತ್ತು, ಹೊಕ್ಕುಳ ಬಳಿ ಗಂಟು. ಉಳಿದದ್ದೆಲ್ಲ ಮುಂದೆ ನೆರಿಗೆಯಾಗಿ, ಅದರ ಕೆಳತುದಿ ಕಾಲ ನಡುವೆ ಹಿಂದಕ್ಕೆ ಹೋಗಿ ಬೆನ್ನ ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸಬರಿಗೆ ಕಚ್ಚೆ ಬಿಚ್ಚಿಹೋಗುವುದು ಗಂಟು ಸಡಿಲವಾದದ್ದರಿಂದ. ಗಂಟು ಹಾಕುವಾಗ ಹೊಟ್ಟೆ ಒಳಕ್ಕೆಳೆದುಕೊಂಡು, ಅಂಚಿನ ಒಂದು ಗೇಣು ಬಟ್ಟೆಯನ್ನಾದರೂ ಹಿಡಿದು ಎರಡು ಸಲ ಬಿಗಿಯಬೇಕು. ನೆರಿಗೆಯನ್ನು ತೀರ ಎತ್ತಿ ಕಟ್ಟಿದರೆ ಕೂರುವಾಗ ಜಗ್ಗುತ್ತದೆ. ಕಟ್ಟಿದ ಮೇಲೆ ಒಮ್ಮೆ ಕುಕ್ಕುರುಗಾಲಲ್ಲಿ ಕೂತು ಎದ್ದು ನೋಡಿ.

ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಮಡಿಯಲ್ಲಿ ಅಡುಗೆ ಮಾಡುವವಳಿಗೂ ಕುದುರೆ ಏರಿದ ರಾಣಿಗೂ ಒಂದೇ ಕಾರಣಕ್ಕೆ ಇದು ಒಗ್ಗಿತ್ತು: ಎರಡೂ ಕಾಲು ಬಿಡುವಾಗಿ ಆಡುತ್ತವೆ.

ಕೊಡಗಿನವರ ನೆರಿಗೆ ಹಿಂದಕ್ಕೆ ಯಾಕೆ?

ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ನೆರಿಗೆ ಹಿಂದೆ ಸರಿಯಿತು ಎಂಬುದು ಅಲ್ಲಿನ ಕಥೆ. ಗುಡ್ಡ ಹತ್ತುವಾಗ ಮುಂದಿನ ನೆರಿಗೆ ಕಾಲಿಗೆ ತೊಡರುತ್ತದೆ ಎನ್ನುವುದು ಉಟ್ಟವರ ಅನುಭವ. ಸೆರಗು ಎಡ ಕಂಕುಳ ಕೆಳಗಿಂದ ಎದೆಯನ್ನು ಬಳಸಿ ಬಲ ಹೆಗಲಲ್ಲಿ ಗಂಟಾಗುತ್ತದೆ, ಈಗ ಅಲ್ಲಿ ಬ್ರೋಚ್.

ಎದೆ ಮುಚ್ಚಲು ಹೋರಾಟ ಮಾಡಬೇಕಾಗಿತ್ತು ಅಂತಾರಲ್ಲ, ಅದು ಯಾವಾಗ?

ತಿರುವಾಂಕೂರಿನಲ್ಲಿ, 19ನೇ ಶತಮಾನದಲ್ಲಿ. ಮೇಲುಜಾತಿಯವರ ಎದುರು ಎದೆ ತೆರೆದಿರುವುದೇ ಕೆಳಜಾತಿಯವರು ತೋರಬೇಕಾದ ಗೌರವ ಎಂಬ ಕಟ್ಟಳೆ ಇತ್ತು. ಕ್ರೈಸ್ತರಾದ ನಾಡಾರ್ ಹೆಂಗಸರು ಮೇಲುವಸ್ತ್ರ ಹೊದೆಯಲು ಶುರುಮಾಡಿದಾಗ ಹೊಡೆದಾಟಗಳಾದವು, ಸಂತೆಯಲ್ಲಿ ಬಟ್ಟೆ ಹರಿದರು. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ನನ ಒತ್ತಡದ ಮೇಲೆ 1859ರ ಜುಲೈ 26ರಂದು ರಾಜಾಜ್ಞೆ ಹೊರಟಿತು. ಎದೆ ಮುಚ್ಚಬಹುದು, ಆದರೆ ಮೇಲುಜಾತಿಯವರ ರೀತಿಯಲ್ಲಿ ಅಲ್ಲ ಎಂಬ ಷರತ್ತು ಅದರಲ್ಲೂ ಉಳಿಯಿತು. ಹಳೆಯ ಶಿಲ್ಪದ ತೆರೆದ ಎದೆಯನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೊದಲನೆಯದು ರೂಢಿ, ಎರಡನೆಯದು ಹೇರಿಕೆ.

ಇದು ಕೈಮಗ್ಗದ ಇಳಕಲ್ ಸೀರೆಯೇ ಅಂತ ಹೇಗೆ ತಿಳಿಯೋದು?

ಸೀರೆಯ ಎರಡೂ ತುದಿಯ ಹಾಸುನೂಲು, ಅಂದರೆ ಉದ್ದಕ್ಕೆ ಓಡುವ ಎಳೆ, ನೋಡಿ. ನಿಜವಾದ ಇಳಕಲ್‌ನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆದ್ದರಿಂದ ಸೆರಗಿನ ಗೊಂಡೆಯಲ್ಲಿ ಕೆಂಪು ರೇಷ್ಮೆ ಎಳೆ, ಒಳತುದಿಯಲ್ಲಿ ಮೈಬಣ್ಣದ ಎಳೆ ಇರಬೇಕು. ಎರಡೂ ತುದಿಯಲ್ಲಿ ಒಂದೇ ಬಣ್ಣದ ಹಾಸಿದ್ದು, ಸೆರಗಿನ ಕೆಂಪು ಬರೀ ಹೊಕ್ಕಿನಲ್ಲಿ (ಅಡ್ಡ ಎಳೆಯಲ್ಲಿ) ಇದ್ದರೆ ಅದು ಕೊಂಡಿ ಹಾಕದ ನಕಲು. ಸೆರಗು ಶುರುವಾಗುವಲ್ಲಿ ಬೆರಳಾಡಿಸಿದರೆ ಕೊಂಡಿಗಳ ಸಾಲು ಸಣ್ಣಗೆ ತೊಡಕುತ್ತದೆ. ಹಳೆ ಸೀರೆ ಮೊದಲು ಹರಿಯುವುದೂ ಅಲ್ಲೇ, ಮಡಿಚುವಾಗ ಆ ಗೆರೆಯ ಮೇಲೆ ಮಡಿಕೆ ಬೀಳದಂತೆ ನೋಡಿಕೊಳ್ಳಿ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ ಉತ್ತರ ಕರ್ನಾಟಕದ ರೂಢಿ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ನಾಟಕಕ್ಕೆ ಹೊಯ್ಸಳ ಕಾಲದ ಉಡುಗೆ ಬೇಕು. ಎಷ್ಟು ಬಟ್ಟೆ, ಹೇಗೆ ಉಡಿಸೋದು?

ಒಬ್ಬರಿಗೆ 4.5 ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ತೆಳು ಹತ್ತಿ ಬಟ್ಟೆ, ನಡುಕಟ್ಟಿಗೆ 2.5 ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಪಟ್ಟಿ, ಉತ್ತರೀಯಕ್ಕೆ 2 ಮೀಟರ್. ಹೊಸ ಮಲ್‌ಮಲ್ಲನ್ನು ಎರಡು ಸಲ ಒಗೆದು ಗಂಜಿ ಬಿಡಿಸಿ, ಇಲ್ಲದಿದ್ದರೆ ನೆರಿಗೆ ಬೀಳದೆ ಡೇರೆಯಂತೆ ಉಬ್ಬುತ್ತದೆ.

ಬಟ್ಟೆಯ ನಡುಭಾಗ ಬೆನ್ನಿಗೆ ಬರುವಂತೆ ಹಿಡಿದು, ಎರಡೂ ಬದಿಯ ಮೇಲಂಚನ್ನು ಹೊಕ್ಕುಳ ಕೆಳಗೆ ಗಂಟು ಹಾಕಿ. ಒಂದು ತುದಿಯನ್ನು ನೆರಿಗೆ ಹಿಡಿದು ಕಾಲ ನಡುವೆ ಹಿಂದಕ್ಕೆ ತಂದು ಸಿಕ್ಕಿಸಿ. ಇನ್ನೊಂದು ತುದಿಯನ್ನು ನಾಲ್ಕು ಬೆರಳಗಲದ ನೆರಿಗೆ ಮಾಡಿ ಮುಂದೆ ಇಳಿಬಿಡಿ. ಮೇಲೆ ನಡುಕಟ್ಟು ಬಿಗಿದು, ಅದರ ಮೇಲೆ ಮೇಖಲೆ. ಮೇಖಲೆಯನ್ನು ಬಟ್ಟೆಗೆ ನಾಲ್ಕು ಕಡೆ ಹೊಲಿದುಬಿಟ್ಟರೆ ಕುಣಿಯುವಾಗ ಜಾರುವುದಿಲ್ಲ.

ಸಿಂಥೆಟಿಕ್ ಬಟ್ಟೆ ಬೇಡ, ಗಂಟು ನಿಲ್ಲುವುದಿಲ್ಲ. ಸ್ಯಾಟಿನ್ನು ದೀಪದ ಬೆಳಕಿಗೆ ಹೊಳೆದು ಒಡವೆಯನ್ನೇ ಮುಚ್ಚುತ್ತದೆ. ಮೇಲ್ಮೈಗೆ ಲೇಪಾಕ್ಷಿಯ ಮಾದರಿಯ ಗಿಡ್ಡತೋಳಿನ ರವಿಕೆ ಹಾಕಿದರೆ ಕಾಲ ನಾಲ್ಕು ಶತಮಾನ ಮುಂದೆ ಹೋಗುತ್ತದೆ. ಆದರೂ ವೇದಿಕೆಗೆ ಅದು ಒಪ್ಪುವ ರಾಜಿ. ಭರತನಾಟ್ಯದ ಹೊಲಿದ ಬೀಸಣಿಗೆ ಉಡುಪನ್ನು ಮಾತ್ರ ಶಾಂತಲೆಗೆ ತೊಡಿಸಬೇಡಿ, ಅದು 20ನೇ ಶತಮಾನದ್ದು.

ಚಿತ್ರದಲ್ಲಿರುವ ಉಡುಗೆ ಆ ಕಾಲದ್ದೇ ಅಂತ ನಂಬಬಹುದಾ?

ಮೊದಲು ಬಣ್ಣ ಯಾವಾಗಿನದು ಕೇಳಿ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು. ಅದರ ಗೋಡೆಚಿತ್ರಗಳಿಗೆ ಒಮ್ಮೆ ಸುಣ್ಣ ಬಳಿಯಲಾಗಿತ್ತು. ಆಮೇಲೆ ಮತ್ತೆ ಬರೆಸಿದರು, ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ 1855ರಲ್ಲೂ ಮರುಬಣ್ಣ ಬಿತ್ತು. ಅಲ್ಲಿನ ಅಂಚು, ಹೂವಿನ ವಿವರಗಳನ್ನು ಟಿಪ್ಪುವಿನ ಕಾಲದ್ದೆಂದು ಕಣ್ಣುಮುಚ್ಚಿ ಹೇಳಲಾಗದು. ಎರಡನೆಯದಾಗಿ, ದೇವರ ಉಡುಗೆ ಯಾವಾಗಲೂ ಹಿಂದಿನ ಕಾಲದ್ದು, ಪಕ್ಕದಲ್ಲಿ ಕೈಮುಗಿದು ನಿಂತ ದಾನಿಯ ಉಡುಗೆ ಆ ಕಾಲದ್ದು. 19ನೇ ಶತಮಾನದ ಫೋಟೋಗಳಲ್ಲೂ ಸ್ಟುಡಿಯೋದವರು ಕೈಯಲ್ಲಿ ಬಣ್ಣ ಹಚ್ಚಿರುತ್ತಾರೆ, ಸೀರೆಯ ನಿಜಬಣ್ಣ ಅದೇ ಎನ್ನುವ ಖಾತ್ರಿಯಿಲ್ಲ.

ಮನೆಯಲ್ಲಿರುವ ಹಳೆ ಸೀರೆಯ ಕಾಲ ಹೇಗೆ ಹೇಳೋದು?

ಪೂರ್ತಿ ಹೇಳಲಾಗದು, ‘ಇದಕ್ಕಿಂತ ಹಳೆಯದಲ್ಲ’ ಎನ್ನಬಹುದು. ಕಣ್ಣಿಗೆ ಹೊಡೆಯುವ ರಾಣಿಬಣ್ಣವೋ ನೇರಳೆಯೋ ರಾಸಾಯನಿಕ ಬಣ್ಣವಾಗಿದ್ದರೆ ಸೀರೆ 1856ರ ನಂತರದ್ದು. ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ, ಆದರೆ ಗಿಡದ ನೀಲಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಪ್ರಯೋಗಾಲಯವೇ ಬೇಕು. ಒಳಅಂಚಿನಿಂದ ಒಂದೇ ಎಳೆ ತೆಗೆದು ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕಾಗದದ ವಾಸನೆಯಾದರೆ ಹತ್ತಿ ಅಥವಾ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ), ಕರಗಿ ಗುಂಡಾದರೆ ಪಾಲಿಯೆಸ್ಟರಿನಂಥ ಸಿಂಥೆಟಿಕ್. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಅದಕ್ಕೂ ಹಿಂದಿನ ‘ಮೈಸೂರ್ ಸಿಲ್ಕ್’ ಎಂದು ಯಾರಾದರೂ ಬೆಲೆ ಹೇಳಿದರೆ ಕೈಯಲ್ಲಿರುವುದು ಬೇರೆಯೇ ಸೀರೆ.

ಕಪ್ಪಾದ ಜರಿಯನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಹಳೆ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ಉಜ್ಜಿದರೆ ಹೋಗುವುದು ಆ ಲೇಪ, ಕಪ್ಪು ಆಮೇಲೆ ಮತ್ತೆ ಬರುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆಯನ್ನು ಸೀರೆಗೆ ತಾಗಿಸಬೇಡಿ.